ಹಳ್ಳಿಯ ಜಮೀನು ಅಗ್ಗವಾಗಿದೆಯೇ? ಏಕೆ ಅಗ್ಗ ಎಂದು ಮೊದಲು ಕೇಳಿ

ಬೆಂಗಳೂರಿನಲ್ಲಿ ಎರಡು ಕೋಣೆಯ ಫ್ಲ್ಯಾಟಿಗೆ ಕೊಡುವ ಹಣದಲ್ಲಿ ಚಿತ್ರದುರ್ಗ ಜಿಲ್ಲೆಯ ಒಳಭಾಗದಲ್ಲಿ ಕೆಲವು ಎಕರೆ ಹೊಲ ಕೊಂಡು, ಅದರಲ್ಲೊಂದು ಪುಟ್ಟ ಮನೆ ಕಟ್ಟಿಕೊಳ್ಳಬಹುದು. ಈ ಲೆಕ್ಕ ಸುಳ್ಳಲ್ಲ. ಕಚೇರಿಗೆ ದಿನವೂ ಹೋಗಬೇಕಿಲ್ಲ ಎಂದಾದ ಮೇಲೆ ಬಹಳ ಮಂದಿ ಇದೇ ಲೆಕ್ಕ ಹಾಕುತ್ತಿದ್ದಾರೆ. ಖರ್ಚು ಕಡಿಮೆ, ಗದ್ದಲ ಕಡಿಮೆ, ಹಿತ್ತಲಲ್ಲಿ ಸೊಪ್ಪು ತರಕಾರಿ. ಆಸೆಯಲ್ಲಿ ತಪ್ಪೇನೂ ಇಲ್ಲ. ಆದರೆ ಜಮೀನಿನ ಬೆಲೆ ಸುಮ್ಮನೆ ಕಡಿಮೆ ಇರುವುದಿಲ್ಲ. ಅದಕ್ಕೊಂದು ಕಾರಣ ಇದ್ದೇ ಇರುತ್ತದೆ. ಆ ಕಾರಣ ಮಾರುವವರಿಗೆ ಗೊತ್ತು, ಅಕ್ಕಪಕ್ಕದ ಹೊಲದವರಿಗೆ ಗೊತ್ತು, ಗ್ರಾಮ ಆಡಳಿತಾಧಿಕಾರಿಗೂ ಗೊತ್ತು. ಗೊತ್ತಿಲ್ಲದಿರುವುದು ಹೊರಗಿನಿಂದ ಕೊಳ್ಳಲು ಬಂದವರಿಗೆ ಮಾತ್ರ.

ಈ ಕಾರಣಗಳಲ್ಲಿ ಎರಡು ಬಗೆ. ಪೇಟೆ ದೂರ, ಡಾಂಬರು ರಸ್ತೆ ಇಲ್ಲ, ಮಳೆಯನ್ನೇ ನಂಬಿದ ಹೊಲ, ದಿನಕ್ಕೆ ಎರಡೇ ಬಸ್ಸು ಎಂಬುವು ಒಂದು ಬಗೆ. ಇವುಗಳ ಜೊತೆ ಬದುಕಬಹುದು. ಸರಳವಾಗಿ ಇರಬೇಕೆಂದು ಹೊರಟವರಿಗೆ ಇವುಗಳಲ್ಲಿ ಕೆಲವು ಅನುಕೂಲವೇ ಆಗುತ್ತವೆ. ಹಕ್ಕು ಸ್ಪಷ್ಟವಿಲ್ಲ, ಹೊಲಕ್ಕೆ ಹೋಗುವ ದಾರಿ ಬೇರೆಯವರದು, ಕುಡಿಯುವ ನೀರಿಗೂ ಗತಿಯಿಲ್ಲ, ಅರಣ್ಯದ ಗೆರೆ ಜಮೀನಿನ ಮೇಲೆಯೇ ಹಾದಿದೆ ಎಂಬುವು ಇನ್ನೊಂದು ಬಗೆ. ಇವು ನೋಂದಣಿಯಾದ ಮೇಲೆ ತಾವಾಗಿ ಸರಿಹೋಗುವುದಿಲ್ಲ. ಕೆಲವು ಮಕ್ಕಳ ಕಾಲದವರೆಗೂ ಸರಿಹೋಗುವುದಿಲ್ಲ. ಹಾಗಾಗಿ ಹುಡುಕಬೇಕಾದದ್ದು ಮೊದಲ ಬಗೆಯ ಕಾರಣಕ್ಕೆ ಅಗ್ಗವಾಗಿರುವ ಜಮೀನನ್ನು. ಎರಡನ್ನೂ ಬೇರ್ಪಡಿಸಿ ನೋಡುವುದು ಹೇಗೆ ಎಂಬುದೇ ಈ ಲೇಖನದ ವಿಷಯ.

ಕೊಳ್ಳುವ ಹಕ್ಕು ಯಾರಿಗಿದೆ

1961ರ ಕರ್ನಾಟಕ ಭೂಸುಧಾರಣಾ ಕಾಯ್ದೆಗೆ 1974ರ ಮಾರ್ಚ್ 1ರಿಂದ ಜಾರಿಗೆ ಬಂದ ತಿದ್ದುಪಡಿ ಗೇಣಿದಾರರನ್ನು ಭೂಮಿಯ ಒಡೆಯರನ್ನಾಗಿ ಮಾಡಿತು. ಅದೇ ಕಾಯ್ದೆಯ 79ಎ ಮತ್ತು 79ಬಿ ಕಲಮುಗಳು ಕೃಷಿಕರಲ್ಲದವರು, ಕೃಷಿಯೇತರ ಆದಾಯ ಮಿತಿ ಮೀರಿದವರು ಸಾಗುವಳಿ ಜಮೀನು ಕೊಳ್ಳದಂತೆ ತಡೆದಿದ್ದವು. 2015ರಲ್ಲಿ ಆ ಆದಾಯ ಮಿತಿ 25 ಲಕ್ಷ ರೂಪಾಯಿಗೆ ಏರಿತು. 2020ರ ತಿದ್ದುಪಡಿ ಈ ಕಲಮುಗಳನ್ನೇ ತೆಗೆದುಹಾಕಿತು. ಅಂದರೆ ಅಪ್ಪ ಅಜ್ಜಂದಿರ ಪಹಣಿ (ಜಮೀನು ಯಾರದು ಎಂದು ಹೇಳುವ ಕಂದಾಯ ದಾಖಲೆ) ತೋರಿಸದೆಯೂ ಇಂದು ಕರ್ನಾಟಕದಲ್ಲಿ ಹೊಲ ಕೊಳ್ಳಬಹುದು.

ರೈತ ಸಂಘಟನೆಗಳು ಆ ತಿದ್ದುಪಡಿಯನ್ನು ಬೀದಿಗಿಳಿದು ವಿರೋಧಿಸಿದವು. ಹಣವಿದ್ದವರು ಕೊಂಡು ಬೀಳು ಬಿಡುತ್ತಾರೆ, ಉಳುವವರ ಕೈಗೆ ಬೆಲೆ ಎಟುಕದಂತಾಗುತ್ತದೆ ಎಂಬುದು ಅವರ ಆತಂಕ. ಅದು ನಿಜವಾದ ಆತಂಕ ಎಂದು ನಾನು ನಂಬುತ್ತೇನೆ. ಸರಳ ಬದುಕಿಗಾಗಿ ಹಳ್ಳಿಗೆ ಹೋಗುವವರು ತಾವು ನೋಡಿಕೊಳ್ಳಬಲ್ಲಷ್ಟೇ ಭೂಮಿ ಕೊಂಡರೆ ಸಾಕು. ಒಂದು ಕುಟುಂಬ ಕೈಯಾರೆ ನೋಡಿಕೊಳ್ಳುವುದಕ್ಕೆ ಒಂದು ಎಕರೆಯೇ ಹೆಚ್ಚು. ಎಕರೆಗೆ 40 ಗುಂಟೆ, ಗುಂಟೆಗೆ 1,089 ಚದರ ಅಡಿ. ನಗರದ 30x40 ಅಳತೆಯ ನಿವೇಶನ ಒಂದು ಗುಂಟೆಗಿಂತ ಸ್ವಲ್ಪ ದೊಡ್ಡದು, ಅಷ್ಟೆ. ಹತ್ತು ಗುಂಟೆಯಲ್ಲಿ ಮನೆ, ಬಾವಿ, ತರಕಾರಿ ಮಡಿ, ಐದಾರು ತೆಂಗು ಎಲ್ಲವೂ ಹಿಡಿಯುತ್ತವೆ.

ವಿದೇಶದಲ್ಲಿರುವ ಕನ್ನಡಿಗರಿಗೆ ಮಾತ್ರ ಈ ಬಾಗಿಲು ತೆರೆದಿಲ್ಲ. ವಿದೇಶಿ ವಿನಿಮಯ ನಿಯಮಗಳ ಪ್ರಕಾರ ಅನಿವಾಸಿ ಭಾರತೀಯರು ಮತ್ತು ಓಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡ್ ಹೊಂದಿದವರು ಕೃಷಿ ಜಮೀನು, ಪ್ಲಾಂಟೇಶನ್ ಅಥವಾ ತೋಟದ ಮನೆಯನ್ನು ಕೊಳ್ಳುವಂತಿಲ್ಲ. ಪಿತ್ರಾರ್ಜಿತವಾಗಿ ಬಂದರೆ ಇಟ್ಟುಕೊಳ್ಳಬಹುದು. ಊರಲ್ಲಿರುವ ತಮ್ಮನ ಹೆಸರಿನಲ್ಲಿ ಕೊಂಡು ನಾವು ನೋಡಿಕೊಳ್ಳುತ್ತೇವೆ ಎಂಬ ಏರ್ಪಾಡು ಕಾನೂನಿನ ಕಣ್ಣಿನಲ್ಲಿ ತಮ್ಮನ ಜಮೀನೇ.

ಇನ್ನೊಂದು ವಿಷಯ ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ಒಂದೆರಡು ವರ್ಷ ಗೇಣಿಗೆ ಹಿಡಿದು ನೋಡೋಣ ಎಂದರೆ, ಭೂಸುಧಾರಣಾ ಕಾಯ್ದೆಯ 5ನೇ ಕಲಮು ಕೆಲವು ವಿನಾಯಿತಿಗಳನ್ನು ಬಿಟ್ಟು ಸಾಗುವಳಿ ಜಮೀನಿನ ಗೇಣಿಯನ್ನೇ ನಿಷೇಧಿಸುತ್ತದೆ. ಹಳ್ಳಿಗಳಲ್ಲಿ ಪಾಲಿಗೆ ಮಾಡುವುದು, ಕೋರಿಗೆ ಕೊಡುವುದು ಮಾತಿನ ಮೇಲೆ ನಡೆಯುತ್ತದೆ ನಿಜ, ಆದರೆ ಹೊರಗಿನವರು ಅದರ ಮೇಲೆ ಮನೆ ಕಟ್ಟುವ ಧೈರ್ಯ ಮಾಡಬಾರದು. ಪರೀಕ್ಷೆಗಾಗಿ ಬಾಡಿಗೆಗೆ ಹಿಡಿಯಬಹುದಾದದ್ದು ಊರೊಳಗಿನ ಮನೆಯನ್ನು. ಅದರ ಬಗ್ಗೆ ಮುಂದೆ ಹೇಳುತ್ತೇನೆ.

ಪಹಣಿಯನ್ನು ಓದುವುದು

ದಲ್ಲಾಳಿ ಮೊದಲು ಕೈಗಿಡುವ ಕಾಗದ ಪಹಣಿ. ಉತ್ತರ ಕರ್ನಾಟಕದಲ್ಲಿ ಉತಾರ ಎನ್ನುತ್ತಾರೆ. 2000ದ ಸುಮಾರಿಗೆ ಬಂದ ಭೂಮಿ ಯೋಜನೆ ಸುಮಾರು ಎರಡು ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದ್ದರಿಂದ ಇಂದು ಯಾರು ಬೇಕಾದರೂ ಸರ್ವೆ ನಂಬರು ಹಾಕಿ ನೋಡಬಹುದು. ಹೆಸರು ನೋಡಿ, ಎಕರೆ ನೋಡಿ ಮಡಿಚಿಡುವವರೇ ಹೆಚ್ಚು. ನಿಧಾನವಾಗಿ ಓದಿದರೆ ಆ ಒಂದು ಹಾಳೆ ಬಹಳಷ್ಟನ್ನು ಹೇಳುತ್ತದೆ.

ಉದಾಹರಣೆಗೆ ಸರ್ವೆ ನಂಬರ್ 84ರ ಹಿಸ್ಸಾ 2, ಅಂದರೆ ಎರಡನೇ ಭಾಗ, ವಿಸ್ತೀರ್ಣ 3 ಎಕರೆ 12 ಗುಂಟೆ ಎಂದು ಊಹಿಸಿಕೊಳ್ಳಿ. 3ನೇ ಕಾಲಮ್ಮಿನಲ್ಲಿ ಒಟ್ಟು ವಿಸ್ತೀರ್ಣದ ಕೆಳಗೆ ಖರಾಬು ಎಂದಿರುತ್ತದೆ. ‘ಎ’ ಖರಾಬು ಎಂದರೆ ಬಂಡೆ, ಕೊರಕಲು ಇತ್ಯಾದಿ ಸಾಗುವಳಿಗೆ ಬಾರದ ನೆಲ. ‘ಬಿ’ ಖರಾಬು ಎಂದರೆ ಹಳ್ಳ, ದಾರಿ, ಸ್ಮಶಾನದಂತಹ ಸಾರ್ವಜನಿಕ ಉಪಯೋಗದ ನೆಲ. ಅದು ಯಾರೂ ಮಾರುವಂಥದ್ದಲ್ಲ. ಬಿ ಖರಾಬು 14 ಗುಂಟೆ ಇದ್ದರೆ ನೀವು ಬೆಲೆ ಕಟ್ಟಬೇಕಾದದ್ದು 2 ಎಕರೆ 38 ಗುಂಟೆಗೆ ಮಾತ್ರ. ಹಳ್ಳದ ದಂಡೆಯ ಸೊಗಸು ನೋಡಿ ಆ ಹದಿನಾಲ್ಕು ಗುಂಟೆಗೂ ದುಡ್ಡು ಕೊಡುವವರಿದ್ದಾರೆ.

9ನೇ ಕಾಲಮ್ಮಿನಲ್ಲಿ ಮಾಲೀಕರ ಹೆಸರು. ಒಂದೇ ಹೆಸರಿದ್ದರೆ ಸುಲಭ. ‘ಜಂಟಿ’ ಎಂದು ನಾಲ್ಕೈದು ಹೆಸರುಗಳಿದ್ದರೆ ಅಷ್ಟೂ ಜನ ಸಹಿ ಹಾಕಬೇಕು. ತೀರಿಕೊಂಡವರ ಹೆಸರೇ ಇನ್ನೂ ಮುಂದುವರಿದಿದ್ದರೆ ಪೌತಿ ಖಾತೆ ಆಗಿಲ್ಲ ಎಂದರ್ಥ. ಮೊದಲು ವಾರಸುದಾರರ ಹೆಸರಿಗೆ ಖಾತೆ ಬದಲಾಗಲಿ, ಆಮೇಲೆ ವ್ಯಾಪಾರದ ಮಾತು. 10ನೇ ಕಾಲಮ್ಮು ಆ ಹೆಸರು ಹೇಗೆ ಬಂತು ಎಂಬುದನ್ನು ಹೇಳುತ್ತದೆ: ಕ್ರಯ, ವಿಭಾಗ, ಪೌತಿ, ದಾನ, ಅಥವಾ ಮಂಜೂರಾತಿ. ಅಲ್ಲಿರುವ ಎಂ.ಆರ್. (ಮ್ಯುಟೇಶನ್ ರಿಜಿಸ್ಟರ್) ಸಂಖ್ಯೆ ಹಿಡಿದು ಮ್ಯುಟೇಶನ್ ಪ್ರತಿ, ಅಂದರೆ ಖಾತೆ ಬದಲಾದ ದಾಖಲೆ, ತೆಗೆಸಿ. ನನ್ನ ಮಟ್ಟಿಗೆ ಇಡೀ ಪಹಣಿಯಲ್ಲಿ ಅತಿ ಮುಖ್ಯವಾದದ್ದು ಈ ಕಾಲಮ್ಮು. 11ರಲ್ಲಿ ಸಾಲ, ಕೋರ್ಟಿನ ತಡೆಯಾಜ್ಞೆ, ಮಾರಾಟಕ್ಕೆ ಇರುವ ನಿರ್ಬಂಧಗಳು ನಮೂದಾಗಿರುತ್ತವೆ. 12ರಲ್ಲಿ ಸಾಗುವಳಿ ಮಾಡುತ್ತಿರುವವರ ಹೆಸರು ಮತ್ತು ಬೆಳೆ. 9ರಲ್ಲಿ ಒಬ್ಬರು, 12ರಲ್ಲಿ ಇನ್ನೊಬ್ಬರು ಎಂದಿದ್ದರೆ ಆ ಇನ್ನೊಬ್ಬರ ಮನೆಗೆ ಹೋಗಿ ಕುಳಿತು ಮಾತಾಡದೆ ಮುಂದೆ ಹೋಗಬೇಡಿ.

ಸರ್ವೆ ನಂಬರಿನ ಪಕ್ಕದಲ್ಲಿ ‘ಪಿ’ ಎಂಬ ಅಕ್ಷರ ಇದೆಯೇ ನೋಡಿ. 84/ಪಿ7 ಎಂದಿದ್ದರೆ ಅದು ದೊಡ್ಡ ಸರ್ವೆ ನಂಬರಿನ ಪೈಕಿ ಒಂದು ತುಂಡು, ಇನ್ನೂ ಪೋಡಿ ದುರಸ್ತಿ, ಅಂದರೆ ಅಳೆದು ಬೇರ್ಪಡಿಸಿ ಪ್ರತ್ಯೇಕ ನಂಬರು ಕೊಡುವ ಕೆಲಸ, ಆಗಿಲ್ಲ. ಎಷ್ಟೋ ಕಡೆ ಇಂಥ ನಂಬರುಗಳು ಹಿಂದೆ ಗೋಮಾಳವಾಗಿದ್ದು, ಹತ್ತಾರು ಜನರಿಗೆ ಎರಡೆರಡು ಎಕರೆಯಂತೆ ಮಂಜೂರಾದವು. ಕಾಗದದಲ್ಲಿ ಎಲ್ಲರಿಗೂ ಜಮೀನಿದೆ. ನೆಲದ ಮೇಲೆ ಯಾರದು ಎಲ್ಲಿ ಎಂಬುದು ನಕ್ಷೆಯಲ್ಲಿಲ್ಲ. ಕೆಲವೊಮ್ಮೆ ಮಂಜೂರಾದ ಎಕರೆಗಳನ್ನು ಕೂಡಿಸಿದರೆ ಮೂಲ ಸರ್ವೆ ನಂಬರಿನ ವಿಸ್ತೀರ್ಣವನ್ನೇ ಮೀರುತ್ತದೆ. ಆಗ ಅಳತೆಯಾದಾಗ ಯಾರಾದರೂ ಕಳೆದುಕೊಳ್ಳಲೇಬೇಕು. ಪೈಕಿ ಜಮೀನು ಅಗ್ಗವಾಗಿ ಸಿಗುವುದು ಇದೇ ಕಾರಣಕ್ಕೆ. ಮಾರುವವರೇ ಪೋಡಿ ಮಾಡಿಸಿ ಕೊಟ್ಟರೆ ಕೊಳ್ಳಿ. ಮಾಡಿಸಿಕೊಳ್ಳುವ ಹೊಣೆ ನಿಮ್ಮದು ಎಂದರೆ ಬಿಟ್ಟುಬಿಡಿ.

ದೊಡ್ಡ ಜಮೀನಿನಲ್ಲಿ ಒಂದು ಭಾಗ ಮಾತ್ರ ಕೊಳ್ಳುವುದಾದರೆ ಭೂಮಾಪಕರು ಆ ಭಾಗವನ್ನು ಅಳೆದು ತಯಾರಿಸಿದ 11ಇ ನಕ್ಷೆ ಬೇಕು. ಅದಿಲ್ಲದೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಣಿ ಆಗುವುದಿಲ್ಲ. ಪಹಣಿಯ ವಿಸ್ತೀರ್ಣ ಸರ್ವೆ ಇಲಾಖೆಯ ಆಕಾರಬಂದ್ ಎಂಬ ವಿಸ್ತೀರ್ಣದ ದಾಖಲೆಯ ಜೊತೆ ತಾಳೆಯಾಗುತ್ತದೆಯೇ ಎಂದೂ ನೋಡಬೇಕು, ಏಕೆಂದರೆ ಎರಡೂ ಬೇರೆ ಬೇರೆ ಇಲಾಖೆಯ ದಾಖಲೆಗಳು ಮತ್ತು ಹೊಂದದಿರುವುದು ಅಪರೂಪವಲ್ಲ. ಸ್ಥಳಕ್ಕೆ ಹೋದಾಗ ಮೊಬೈಲಿನಲ್ಲಿ ದಿಶಾಂಕ್ ಆ್ಯಪ್ ತೆರೆದರೆ ನೀವು ನಿಂತಿರುವುದು ಯಾವ ಸರ್ವೆ ನಂಬರಿನಲ್ಲಿ ಎಂದು ತೋರಿಸುತ್ತದೆ. ಕೆಲವು ಅಡಿ ಆಚೀಚೆ ಆಗಬಹುದು, ಗಡಿ ಗುರುತಿಸಲು ಅದು ಸಾಲದು. ಆದರೆ ತೋರಿಸುತ್ತಿರುವ ಹೊಲವೇ ಬೇರೆ, ಪಹಣಿಯೇ ಬೇರೆ ಎಂಬ ಮೋಸ ಅಲ್ಲಿಯೇ ಬಯಲಾಗುತ್ತದೆ.

ಮಂಜೂರಾತಿ ಜಮೀನು ಮತ್ತು ಹೆಣ್ಣುಮಕ್ಕಳ ಪಾಲು

10ನೇ ಕಾಲಮ್ಮಿನಲ್ಲಿ ಮಂಜೂರಾತಿ, ದರಖಾಸ್ತು, ಬಗರ್ ಹುಕುಂ ಎಂಬ ಮಾತು ಕಂಡರೆ ಅಲ್ಲಿಯೇ ನಿಲ್ಲಿ. ಸರ್ಕಾರ ಕೊಟ್ಟ ಜಮೀನನ್ನು ನಿಗದಿತ ವರ್ಷಗಳವರೆಗೆ ಪರಭಾರೆ ಮಾಡಬಾರದೆಂಬ ಷರತ್ತು ಸಾಮಾನ್ಯವಾಗಿ ಸಾಗುವಳಿ ಚೀಟಿಯಲ್ಲಿಯೇ ಇರುತ್ತದೆ. ತಾಲ್ಲೂಕು ಕಚೇರಿಯಿಂದ ಮೂಲ ಮಂಜೂರಾತಿ ಕಡತದ ದೃಢೀಕೃತ ನಕಲು ತೆಗೆಸಿ ಆ ಷರತ್ತುಗಳನ್ನು ಓದಬೇಕು. ಕಡತ ಸಿಗುತ್ತಿಲ್ಲ ಎಂದರೆ ಅದನ್ನೇ ಉತ್ತರ ಎಂದು ತಿಳಿಯಿರಿ.

ಮಂಜೂರಾತಿ ಪಡೆದವರು ಪರಿಶಿಷ್ಟ ಜಾತಿ ಅಥವಾ ಪಂಗಡದವರಾಗಿದ್ದರೆ 1978ರ ಕಾಯ್ದೆ ಅನ್ವಯಿಸುತ್ತದೆ. ಎಲ್ಲರೂ ಪಿ.ಟಿ.ಸಿ.ಎಲ್. ಎಂದು ಕರೆಯುವ ಕಾಯ್ದೆ ಇದು. ಸರ್ಕಾರದ ಪೂರ್ವಾನುಮತಿ ಇಲ್ಲದೆ ಇಂಥ ಜಮೀನನ್ನು ಕೊಂಡವರಿಗೆ ಯಾವ ಹಕ್ಕೂ ಬರುವುದಿಲ್ಲ. ಉಪವಿಭಾಗಾಧಿಕಾರಿ ಅದನ್ನು ವಶಕ್ಕೆ ಪಡೆದು ಮೂಲ ಮಂಜೂರಿದಾರರಿಗೆ ಅಥವಾ ಅವರ ವಾರಸುದಾರರಿಗೆ ಮರಳಿಸಬಹುದು. ಬಹಳ ವರ್ಷಗಳ ನಂತರ ಹಾಕಿದ ಅರ್ಜಿಗಳನ್ನು ಪರಿಗಣಿಸಲಾಗದು ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. 2023ರ ತಿದ್ದುಪಡಿಯ ಮೂಲಕ ರಾಜ್ಯ ಸರ್ಕಾರ ಆ ಕಾಲಮಿತಿಯ ಮಾತನ್ನು ತೆಗೆದುಹಾಕಿತು. ಹೀಗಾಗಿ ನಡುವೆ ನಾಲ್ಕು ಕೈ ಬದಲಾಗಿದೆ, ಮೂವತ್ತು ವರ್ಷ ಕಳೆದಿದೆ ಎಂಬ ಸಮಾಧಾನಕ್ಕೆ ಬೆಲೆಯಿಲ್ಲ. ಬಡವರ ಕೈಗೆ ಬಂದ ಭೂಮಿ ಸಾಲಕ್ಕೆ, ಹೆಂಡಕ್ಕೆ, ಬೆದರಿಕೆಗೆ ಕೈಬಿಟ್ಟು ಹೋಗುತ್ತಿದ್ದುದನ್ನು ಕಂಡು ಮಾಡಿದ ಕಾಯ್ದೆ ಇದು. ಅದರ ಉದ್ದೇಶಕ್ಕೆ ತಲೆಬಾಗಿ ದೂರ ಉಳಿಯುವುದೇ ಸರಿಯಾದ ನಡೆ.

ಪಿತ್ರಾರ್ಜಿತ ಜಮೀನಿನಲ್ಲಿ ತೊಡಕು ಬೇರೆ ರೀತಿಯದು. ಅಣ್ಣತಮ್ಮಂದಿರು ಸಹಿ ಹಾಕಲು ಒಪ್ಪಿರುತ್ತಾರೆ, ಮದುವೆಯಾಗಿ ಹೋದ ಅಕ್ಕತಂಗಿಯರ ಮಾತೇ ಬಂದಿರುವುದಿಲ್ಲ. 1994ರಲ್ಲಿಯೇ ಕರ್ನಾಟಕ ಹೆಣ್ಣುಮಕ್ಕಳಿಗೆ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹಕ್ಕು ಕೊಟ್ಟಿತ್ತು, ಆದರೆ ಅಷ್ಟರೊಳಗೆ ಮದುವೆಯಾದವರನ್ನು ಹೊರಗಿಟ್ಟಿತ್ತು. 2005ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆಯ ತಿದ್ದುಪಡಿ ಮಗಳನ್ನು ಮಗನಿಗೆ ಸಮ ಮಾಡಿತು. 2020ರ ಆಗಸ್ಟ್‌ನಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, 2005ರಲ್ಲಿ ತಂದೆ ಬದುಕಿರಲಿ ಬಿಡಲಿ ಮಗಳಿಗೆ ಹುಟ್ಟಿನಿಂದಲೇ ಹಕ್ಕಿದೆ ಎಂದಿತು. ನಾಡಕಚೇರಿಯ ವಂಶವೃಕ್ಷ ತೆಗೆಸಿ, ಅದರಲ್ಲಿರುವ ಪ್ರತಿಯೊಬ್ಬರೂ ಕ್ರಯಪತ್ರಕ್ಕೆ ಸಹಿ ಹಾಕುವಂತೆ ನೋಡಿಕೊಳ್ಳಿ. ‘ಅವಳಿಗೆ ಮದುವೆಯಲ್ಲೇ ಕೊಟ್ಟಾಗಿದೆ’ ಎಂಬ ಮಾತನ್ನು ಕೇಳಿಸಿಕೊಂಡು ಸುಮ್ಮನಾಗಬೇಡಿ. ಕಾನೂನಿನ ಭಯಕ್ಕಷ್ಟೇ ಅಲ್ಲ, ಆಕೆಯ ಪಾಲನ್ನು ಆಕೆಗೆ ತಿಳಿಯದೆ ಕೊಳ್ಳುವುದು ಅನ್ಯಾಯ.

ಋಣಭಾರ ಪ್ರಮಾಣಪತ್ರವನ್ನು, ಅಂದರೆ ಇ.ಸಿ.ಯನ್ನು, ಹಿಂದಿನ ಮೂವತ್ತು ವರ್ಷಕ್ಕಾದರೂ ತೆಗೆಸುವುದು ರೂಢಿ. ಆದರೆ ಅದರಲ್ಲಿ ಕಾಣುವುದು ನೋಂದಣಿಯಾದ ವ್ಯವಹಾರಗಳು ಮಾತ್ರ. ಮನೆಯೊಳಗಿನ ಬಾಯಿಮಾತಿನ ಪಾಲು, ನೋಂದಣಿಯಾಗದ ಉಯಿಲು, ನಡೆಯುತ್ತಿರುವ ದಾವೆ ಅದರಲ್ಲಿ ಬರುವುದಿಲ್ಲ. ದಾವೆಗಳನ್ನು ಹೆಸರಿನ ಮೇಲೆ ಇ-ಕೋರ್ಟ್ಸ್ ಜಾಲತಾಣದಲ್ಲಿ ಹುಡುಕಬಹುದು. ಉಪವಿಭಾಗಾಧಿಕಾರಿಯ ಮುಂದಿರುವ ಪ್ರಕರಣಗಳನ್ನು ಬೇರೆಯಾಗಿ ವಿಚಾರಿಸಬೇಕು. ವಕೀಲರನ್ನು ಅದೇ ತಾಲ್ಲೂಕಿನಲ್ಲಿ ಹುಡುಕಿ. ಆ ಊರಿನ ಜಗಳಗಳ ಚರಿತ್ರೆ ಅವರಿಗೆ ಬಾಯಿಪಾಠ. ಜಿ.ಪಿ.ಎ., ಅಂದರೆ ಸಾಮಾನ್ಯ ಅಧಿಕಾರ ಪತ್ರದ, ಮೇಲೆ ಮಾರುತ್ತೇವೆ ಎಂದರೆ ಒಪ್ಪಬೇಡಿ. ಅದರಿಂದ ಮಾಲೀಕತ್ವ ಬರುವುದಿಲ್ಲ ಎಂದು 2011ರಲ್ಲಿಯೇ ಸುಪ್ರೀಂ ಕೋರ್ಟ್ ಹೇಳಿದೆ.

ಮಲೆನಾಡಿನ ಹಸಿರಿನಲ್ಲಿ ಅಡಗಿರುವುದು

ಸರಳ ಬದುಕು ಎಂದೊಡನೆ ಮನಸ್ಸು ಮೊದಲು ಓಡುವುದು ಮಲೆನಾಡಿಗೆ. ಅಲ್ಲಿಯ ಒಂದು ಜಾಹೀರಾತು ಹೀಗಿರುತ್ತದೆ: ‘ಎರಡು ಎಕರೆ ಅಡಿಕೆ ತೋಟ, ಜೊತೆಗೆ ಎಂಟು ಎಕರೆ ಬೆಟ್ಟ.’ ಹತ್ತು ಎಕರೆ ಇಷ್ಟು ಕಡಿಮೆಗೆ ಎಂದು ಕೊಳ್ಳುವವರಿಗೆ ಬೆರಗು. ಆದರೆ ಸೊಪ್ಪಿನ ಬೆಟ್ಟ ಮಾಲೀಕತ್ವದ ಜಮೀನಲ್ಲ. ತೋಟಕ್ಕೆ ಬೇಕಾದ ಸೊಪ್ಪು, ದರಗು ತರಲು ಬೆಳೆಗಾರರಿಗೆ ಕೊಟ್ಟಿರುವ ಸೌಲಭ್ಯ ಅದು. ಅಲ್ಲಿ ಮನೆ ಕಟ್ಟುವಂತಿಲ್ಲ, ಮರ ಕಡಿದು ಕಾಫಿ ಹಾಕುವಂತಿಲ್ಲ. ದಕ್ಷಿಣ ಕನ್ನಡದಲ್ಲಿ ವರ್ಗ ಜಮೀನು ಎನ್ನುವ ಸ್ವಂತ ಹಿಡುವಳಿಯಿಂದ ನೂರು ಗಜದೊಳಗಿನ ಕುಮ್ಕಿ, ಕೊಡಗಿನ ಬಾಣೆ, ಘಟ್ಟದ ಮೇಲಿನ ಕಾನು, ಒಂದೊಂದಕ್ಕೂ ಒಂದೊಂದು ಇತಿಹಾಸ, ಒಂದೊಂದು ಬಗೆಯ ಅರೆಹಕ್ಕು. ಬೆಲೆ ಕಟ್ಟುವಾಗ ಪಹಣಿಯಲ್ಲಿ ಮಾರುವವರ ಹೆಸರಿಗಿರುವ ತೋಟವನ್ನಷ್ಟೇ ಲೆಕ್ಕಕ್ಕೆ ಹಿಡಿಯಿರಿ.

ಶಿವಮೊಗ್ಗ ಜಿಲ್ಲೆಯಲ್ಲಿ ಇನ್ನೂ ಒಂದು ಹಳೆಯ ಗಾಯವಿದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಮುಳುಗಡೆಯಾದ ಊರುಗಳ ಜನರನ್ನು ಬಹಳಷ್ಟು ಕಡೆ ಅರಣ್ಯ ಭೂಮಿಯಲ್ಲಿ ನೆಲೆಗೊಳಿಸಲಾಯಿತು. ಆ ಭೂಮಿಯನ್ನು ಅರಣ್ಯದ ದಾಖಲೆಯಿಂದ ಕ್ರಮಬದ್ಧವಾಗಿ ಬಿಡಿಸಲಿಲ್ಲ. ನಾಡಿಗೆ ಬೆಳಕು ಕೊಡಲು ಮನೆಮಠ ಬಿಟ್ಟುಕೊಟ್ಟವರ ಮೊಮ್ಮಕ್ಕಳು ಇಂದಿಗೂ ಹಕ್ಕಿಗಾಗಿ ಅಲೆಯುತ್ತಿದ್ದಾರೆ. ಅಲ್ಲಿ ಮಾರಾಟಕ್ಕೆ ಬರುವ ತೋಟಗಳಲ್ಲಿ ಕೆಲವು ಇಂಥವು. ಮಾರುವವರು ಸುಳ್ಳುಗಾರರಲ್ಲ, ಹಕ್ಕು ಮಾತ್ರ ಅವರ ಕೈಯಲ್ಲಿ ಪೂರ್ತಿಯಾಗಿಲ್ಲ.

ಇದರ ಮೇಲೆ ಡೀಮ್ಡ್ ಅರಣ್ಯದ, ಅಂದರೆ ಅಧಿಸೂಚನೆಯಾಗದಿದ್ದರೂ ಅರಣ್ಯವೆಂದೇ ಪರಿಗಣಿಸುವ ಭೂಮಿಯ, ಪಟ್ಟಿ ಇದೆ. ಮೊದಲು 9.94 ಲಕ್ಷ ಹೆಕ್ಟೇರ್ ಎಂದು ಗುರುತಿಸಿದ್ದನ್ನು 2022ರಲ್ಲಿ ಸುಮಾರು 3.3 ಲಕ್ಷ ಹೆಕ್ಟೇರಿಗೆ ಇಳಿಸಲಾಯಿತು. ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಕರಡು ಅಧಿಸೂಚನೆಯೂ ಇದೆ. 2024ರ ಜುಲೈನ ಕರಡಿನಲ್ಲಿ ಕರ್ನಾಟಕದ 20,668 ಚದರ ಕಿಲೋಮೀಟರ್ ಸೇರಿತ್ತು, ರಾಜ್ಯ ಸರ್ಕಾರ ಒಪ್ಪಿಲ್ಲ. ಈ ಕರಡಿನ ಪಟ್ಟಿಯಲ್ಲಿ ಊರಿನ ಹೆಸರಿದ್ದ ಮಾತ್ರಕ್ಕೆ ಮನೆ ಕಟ್ಟಿಕೊಂಡು ವಾಸಿಸಲು ಅಡ್ಡಿ ಎಂದೇನಿಲ್ಲ. ಗಣಿಗಾರಿಕೆ, ಕೆಂಪು ವರ್ಗದ (ಹೆಚ್ಚು ಮಾಲಿನ್ಯ ಮಾಡುವ) ಕೈಗಾರಿಕೆ, ದೊಡ್ಡ ಬಡಾವಣೆಗಳಿಗೆ ಅದು ತಡೆ. ಸರಳವಾಗಿ ಇರಲು ಬಂದವರಿಗೆ ಆ ತಡೆ ರಕ್ಷಣೆಯೇ. ಆದರೆ ನಿಮ್ಮ ಸರ್ವೆ ನಂಬರೇ ಅರಣ್ಯದ ಅಧಿಸೂಚನೆಯಲ್ಲಿದ್ದರೆ ಅದು ಬೇರೆ ಮಾತು. ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ಸರ್ವೆ ನಂಬರು ಕೊಟ್ಟು ಲಿಖಿತ ಉತ್ತರ ಪಡೆಯಿರಿ. ಸಕಲೇಶಪುರ, ಆಲೂರಿನ ಕಡೆ ಆನೆಗಳ ವಿಷಯವನ್ನೂ ಊರವರಲ್ಲಿ ಕೇಳಲೇಬೇಕು. ಅಲ್ಲಿ ತೋಟಗಳು ಮಾರಾಟಕ್ಕಿರುವುದಕ್ಕೆ ಎಷ್ಟೋ ಸಲ ಅದೇ ಕಾರಣ.

ದಾರಿ, ನೀರು, ಕರೆಂಟು

ಕಾಗದ ಸರಿಯಿದ್ದರೂ ಬದುಕಲಾಗದ ಜಮೀನುಗಳಿವೆ. ರಸ್ತೆಯಿಂದ ಹೊಲಕ್ಕೆ ಹೋಗುವಾಗ ಎಷ್ಟು ಜನರ ಬದು ದಾಟುತ್ತೀರಿ ಎಂದು ಎಣಿಸಿ. ಗ್ರಾಮ ನಕ್ಷೆಯಲ್ಲಿ ಬಂಡಿದಾರಿ ಎಂದು ಗುರುತಿದ್ದರೆ ಅದನ್ನು ಯಾರೂ ಮುಚ್ಚುವಂತಿಲ್ಲ. ಊರವರು ಇದನ್ನು ನಕಾಶೆ ಕಂಡ ದಾರಿ ಎನ್ನುತ್ತಾರೆ. ನಕ್ಷೆಯಲ್ಲಿಲ್ಲದೆ ರೂಢಿಯ ಮೇಲೆ ನಡೆದುಬಂದ ದಾರಿಯಾದರೆ, ಈಗಿನ ಮಾಲೀಕರಿಗೆ ಸ್ನೇಹಕ್ಕೆ ಬಿಟ್ಟಿರುವ ದಾರಿಯನ್ನು ಹೊಸಬರಿಗೂ ಬಿಡುತ್ತಾರೆಂಬ ಭರವಸೆಯಿಲ್ಲ. 1882ರ ಈಸ್‌ಮೆಂಟ್ ಕಾಯ್ದೆಯ ಪ್ರಕಾರ ಇಪ್ಪತ್ತು ವರ್ಷ ಅಡೆತಡೆಯಿಲ್ಲದೆ ಹಕ್ಕೆಂದು ಬಳಸಿದ ದಾರಿಗೆ ಹಕ್ಕು ಬರುತ್ತದೆ, ನಿಜ. ಅದನ್ನು ಸಿವಿಲ್ ಕೋರ್ಟಿನಲ್ಲಿ ಸಾಬೀತು ಮಾಡುತ್ತ ಕೂರುವ ಬದಲು, ಪಕ್ಕದ ಹೊಲದವರಿಗೆ ಒಂದಿಷ್ಟು ಹಣ ಕೊಟ್ಟು ಹತ್ತು ಅಡಿ ಅಗಲದ ದಾರಿಯ ಹಕ್ಕನ್ನು ಮೊದಲೇ ನೋಂದಾಯಿಸಿಕೊಳ್ಳುವುದು ಒಳ್ಳೆಯದು. ಅವರು ಒಪ್ಪದಿದ್ದರೆ ಆ ಜಮೀನಿನ ಬೆಲೆ ಏಕೆ ಕಡಿಮೆ ಎಂಬುದಕ್ಕೆ ಉತ್ತರ ಸಿಕ್ಕಂತೆ.

ನೀರಿನ ಲೆಕ್ಕ ಊರಿಂದೂರಿಗೆ ಬೇರೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಮಳೆ ಸುರಿಯುತ್ತದೆ, ಚಳ್ಳಕೆರೆಯಲ್ಲಿ 500ರ ಆಸುಪಾಸು. ಕೋಲಾರ, ಚಿಕ್ಕಬಳ್ಳಾಪುರದಲ್ಲಿ ಸಾವಿರ ಅಡಿ ಮೀರಿ ಕೊರೆದರೂ ನೀರು ಸಿಗದ ಕೊಳವೆಬಾವಿಗಳು ಸಾಮಾನ್ಯ. ನೀರು ನೋಡುವವರನ್ನು ಕರೆಸುವ ಮೊದಲು ಸುತ್ತಲಿನ ನಾಲ್ಕು ಹೊಲದವರನ್ನು ಕೇಳಿ: ಎಷ್ಟು ಅಡಿಗೆ ಸಿಕ್ಕಿತು, ಎಷ್ಟು ಬಾವಿ ವಿಫಲವಾದವು, ಏಪ್ರಿಲ್‌ನಲ್ಲಿ ಎಷ್ಟು ಹೊತ್ತು ಪಂಪು ಓಡುತ್ತದೆ. ಜಮೀನನ್ನು ಬೇಸಿಗೆಯ ಕೊನೆಯಲ್ಲಿ ನೋಡಬೇಕು ಎನ್ನುವುದು ಇದಕ್ಕೇ. ಮಳೆಗಾಲದಲ್ಲಿ ಎಲ್ಲ ಹೊಲವೂ ಚೆಂದ.

ಆದರೆ ವಾಸಕ್ಕೆ ಬೇಕಾದ ನೀರು ಬೇರೆ, ಬೆಳೆಗೆ ಬೇಕಾದದ್ದು ಬೇರೆ. 1,000 ಚದರ ಅಡಿಯ ಚಾವಣಿಯ ಮೇಲೆ 500 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 46,000 ಲೀಟರ್. ಅದರಲ್ಲಿ ಐದನೇ ಒಂದು ಭಾಗ ಪೋಲಾದರೂ 37,000 ಲೀಟರ್ ಉಳಿಯುತ್ತದೆ. ದಿನಕ್ಕೆ 100 ಲೀಟರಿನಂತೆ ಕುಡಿಯಲು, ಅಡುಗೆಗೆ, ಮಿತವಾದ ಬಳಕೆಗೆ ಅದು ವರ್ಷವಿಡೀ ಸಾಕು. ದೊಡ್ಡ ತೊಟ್ಟಿ ಕಟ್ಟುವ ಖರ್ಚು ವಿಫಲವಾದ ಒಂದು ಕೊಳವೆಬಾವಿಯ ಖರ್ಚಿಗೆ ಹೋಲಿಸಿ ನೋಡಿ. ಬಯಲುಸೀಮೆಯ ಒಣ ಹೊಲ, ಬೇಸಾಯವನ್ನೇ ನೆಚ್ಚಿಕೊಳ್ಳದವರಿಗೆ ನಿಜವಾಗಿ ಅಗ್ಗವಾಗುವುದು ಈ ಲೆಕ್ಕದಲ್ಲಿ.

ಮನೆಯಿಂದಲೇ ಕೆಲಸ ಮಾಡುವವರು ಕರೆಂಟಿನ ಬಗ್ಗೆ ಒಂದು ವಿಷಯ ತಿಳಿದಿರಬೇಕು. ಕಂಬ ಇದೆಯೇ ಎಂದಷ್ಟೇ ಕೇಳಿದರೆ ಸಾಲದು, ಆ ಕಂಬಕ್ಕೆ ಬರುವ ಫೀಡರು, ಅಂದರೆ ವಿದ್ಯುತ್ ಮಾರ್ಗ, ಯಾವುದು ಎಂದು ಕೇಳಬೇಕು. ನಿರಂತರ ಜ್ಯೋತಿ ಯೋಜನೆಯಲ್ಲಿ ಹಳ್ಳಿಯ ಮನೆಗಳ ಮಾರ್ಗವನ್ನೂ ಪಂಪ್‌ಸೆಟ್ಟುಗಳ ಮಾರ್ಗವನ್ನೂ ಬೇರ್ಪಡಿಸಲಾಯಿತು. ಊರೊಳಗಿನ ಮನೆಗೆ ಹೊತ್ತಿಡೀ ವಿದ್ಯುತ್ ಸಿಗುತ್ತದೆ. ಹೊಲದ ನಡುವಿನ ಮನೆ ಹೆಚ್ಚಾಗಿ ಪಂಪ್‌ಸೆಟ್ಟಿನ ಮಾರ್ಗದಲ್ಲಿರುತ್ತದೆ, ಅಲ್ಲಿ ತ್ರೀ ಫೇಸ್ ಏಳು ಗಂಟೆ, ಅದೂ ಸರದಿಯ ಮೇಲೆ. ಸೌರಫಲಕ ಮತ್ತು ಬ್ಯಾಟರಿಯ ಖರ್ಚನ್ನು ಜಮೀನಿನ ಬೆಲೆಗೇ ಸೇರಿಸಿಕೊಳ್ಳಿ. ಮೊಬೈಲ್ ಸಿಗ್ನಲನ್ನು ಮನೆ ಕಟ್ಟಬೇಕೆಂದಿರುವ ಜಾಗದಲ್ಲಿಯೇ ನಿಂತು ನೋಡಿ. ಮಲೆನಾಡಿನಲ್ಲಿ ಗುಡ್ಡದ ಆ ಮಗ್ಗುಲಿಗೂ ಈ ಮಗ್ಗುಲಿಗೂ ಅಜಗಜಾಂತರ.

ಹೊಲದಲ್ಲಿ ಮನೆ ಕಟ್ಟಲು ಭೂಪರಿವರ್ತನೆ, ಅಂದರೆ ಕೃಷಿಯೇತರ ಬಳಕೆಗೆ ಅನುಮತಿ, ಬೇಕೇ ಎಂದು ಎಲ್ಲರೂ ಕೇಳುತ್ತಾರೆ. ಭೂಕಂದಾಯ ಕಾಯ್ದೆಯ 95ನೇ ಕಲಮಿನಂತೆ ಸಾಗುವಳಿದಾರರು ತಮ್ಮ ಹಿಡುವಳಿಯ ಶೇಕಡಾ 10ನ್ನು ಮೀರದಂತೆ ತೋಟದ ಮನೆ ಕಟ್ಟಿಕೊಳ್ಳಬಹುದು. ಅದನ್ನು ಹೋಂಸ್ಟೇ ಮಾಡುವುದಾದರೆ ಪರಿವರ್ತನೆ ಬೇಕಾಗುತ್ತದೆ. ವಿಜಯಪುರ, ಗದಗದ ಕಡೆಯ ಎರೆಭೂಮಿಯಲ್ಲಿ ಇನ್ನೊಂದು ತೊಂದರೆ. ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ಆ ಮಣ್ಣಿನಲ್ಲಿ ಸಾಧಾರಣ ತಳಪಾಯ ನಿಲ್ಲದು, ಗೋಡೆ ಸೀಳುತ್ತದೆ.

ಹೊಲವೇ ಬೇಕೇ?

ಇಲ್ಲಿಯವರೆಗೆ ಹೇಳಿದ ತೊಡಕುಗಳಲ್ಲಿ ಹೆಚ್ಚಿನವು ಕೃಷಿ ಜಮೀನಿನವು. ಹಳ್ಳಿಯಲ್ಲಿ ಬದುಕಲು ಹೊಲ ಕೊಳ್ಳಲೇಬೇಕೆಂಬ ನಿಯಮ ಇಲ್ಲವಲ್ಲ. ಪ್ರತಿ ಊರಿನಲ್ಲಿಯೂ ಗ್ರಾಮಠಾಣೆಯೊಳಗೆ, ಅಂದರೆ ಜನವಸತಿಯ ಗಡಿಯೊಳಗೆ, ಬೀಗ ಹಾಕಿದ ಮನೆಗಳಿವೆ. ಮಕ್ಕಳು ಪೇಟೆ ಸೇರಿದ್ದಾರೆ, ಹೆಂಚು ಒಡೆದಿದೆ, ಹಿತ್ತಲಲ್ಲಿ ಬಾವಿ ಇದೆ, ಎರಡು ತೆಂಗು ಇವೆ. ನಗರದಿಂದ ಬರುವವರಿಗೆ ನಾನು ಮೊದಲು ತೋರಿಸುವುದು ಇಂಥ ಮನೆಯನ್ನು. ಕರೆಂಟು ಮನೆಗಳ ಮಾರ್ಗದ್ದು, ನಲ್ಲಿ ಪಂಚಾಯಿತಿಯದು, ದಾರಿಗೆ ಜಗಳವಿಲ್ಲ, ಹುಷಾರು ತಪ್ಪಿದರೆ ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿ ಜನ. ದಾಖಲೆಯೂ ಸುಲಭ: ಗ್ರಾಮ ಪಂಚಾಯಿತಿಯ ಆಸ್ತಿ ದಾಖಲೆಯ ತಂತ್ರಾಂಶವಾದ ಇ-ಸ್ವತ್ತಿನಲ್ಲಿ ನಮೂನೆ 9 ಮತ್ತು 11ಎ ಸಿಗುವ ಆಸ್ತಿಯನ್ನು ನೋಡಿ. 11ಬಿ ಎಂದಿದ್ದರೆ ಪರಿವರ್ತನೆಯಾಗದ ಜಾಗದಲ್ಲಿ ಎದ್ದ ನಿವೇಶನವಿರಬಹುದು, ವಿಚಾರಿಸಬೇಕು.

ಹಳೆಯ ಹೆಂಚಿನ ಮನೆಯಲ್ಲಿ ಗೋಡೆಗಿಂತ ಮಾಡನ್ನು ನೋಡಿ. ಮಾಡನ್ನು ಹೊರುವ ಇಳಿಜಾರು ಮರವಾದ ಪಕಾಸಿಯ ತುದಿಯನ್ನು ಚಾಕುವಿನ ಮೊನೆಯಿಂದ ಒತ್ತಿದಾಗ ಸಲೀಸಾಗಿ ಒಳಗೆ ಹೋದರೆ ಮರ ಹಾಳಾಗಿದೆ. ಹೆಂಚು ಕೂರುವ ತೆಳು ಪಟ್ಟಿಯಾದ ರೀಪು ಬದಲಿಸುವುದು ಸಣ್ಣ ಖರ್ಚು, ಪಕಾಸಿ ಮತ್ತು ತೊಲೆ ದೊಡ್ಡ ಖರ್ಚು. ಮಣ್ಣಿನ ಗೋಡೆಯ ಬುಡದಲ್ಲಿ ಗೆದ್ದಲಿನ ಸಾಲು ಇದೆಯೇ, ಮಳೆನೀರು ಗೋಡೆಗೆ ಸಿಡಿಯುತ್ತದೆಯೇ ಎಂದು ನೋಡಿ. ಕೊಳ್ಳುವ ಮೊದಲು ಒಂದು ಮಳೆಗಾಲ ಮತ್ತು ಒಂದು ಬೇಸಿಗೆ ಅದೇ ಊರಿನಲ್ಲಿ ಬಾಡಿಗೆಗೆ ಇರಲು ಸಾಧ್ಯವಾದರೆ ಅದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ. ಯಾವ ಜಮೀನು ಏಕೆ ಮಾರಾಟಕ್ಕಿದೆ ಎಂಬುದನ್ನು ಹೋಟೆಲಿನ ಕಟ್ಟೆಯ ಮೇಲೆ ಯಾರೋ ತಾವಾಗಿಯೇ ಹೇಳುತ್ತಾರೆ. ದಲ್ಲಾಳಿಯ ಕಮಿಷನ್ ಇಲ್ಲದ ವ್ಯಾಪಾರಗಳು ಕುದುರುವುದೂ ಅಲ್ಲಿಯೇ.

ಹಣ ಕೊಡುವ ಕ್ರಮ

ಕೃಷಿ ಜಮೀನು ಕೊಳ್ಳಲು ಬ್ಯಾಂಕಿನ ಗೃಹಸಾಲ ಸಿಗುವುದಿಲ್ಲ, ಕೈಯಲ್ಲಿರುವ ಹಣವನ್ನೇ ನೆಚ್ಚಬೇಕು. ಮುದ್ರಾಂಕ ಶುಲ್ಕ, ಅದರ ಮೇಲಿನ ಸೆಸ್ ಮತ್ತು ಸರ್ಚಾರ್ಜ್ ಸೇರಿ ಗ್ರಾಮೀಣ ಪ್ರದೇಶದಲ್ಲಿ ಶೇಕಡಾ 5.65. 2025ರ ಆಗಸ್ಟ್ ಕೊನೆಯಿಂದ ನೋಂದಣಿ ಶುಲ್ಕ ಶೇಕಡಾ 1ರಿಂದ 2ಕ್ಕೆ ಏರಿದೆ. ಒಟ್ಟು ಶೇಕಡಾ ಏಳೂವರೆಗೂ ಮೇಲೆ ಎಂದಿಟ್ಟುಕೊಳ್ಳಿ. ಇದು ಮಾರ್ಗಸೂಚಿ ಬೆಲೆ (ಸರ್ಕಾರ ಗೊತ್ತುಮಾಡಿದ ಬೆಲೆ) ಅಥವಾ ನಿಜವಾದ ಬೆಲೆ, ಯಾವುದು ಹೆಚ್ಚೋ ಅದರ ಮೇಲೆ. ನಿಜವಾದ ಬೆಲೆಯನ್ನೇ ಬರೆಸಿ. ಕಡಿಮೆ ತೋರಿಸಿ ಉಳಿದದ್ದನ್ನು ನಗದಾಗಿ ಕೊಟ್ಟರೆ, ನಾಳೆ ವ್ಯವಹಾರ ಮುರಿದುಬಿದ್ದಾಗ ಕೊಟ್ಟದ್ದಕ್ಕೆ ಸಾಕ್ಷಿಯೇ ಇರುವುದಿಲ್ಲ.

ಮುಂಗಡ ಕೊಡುವುದಕ್ಕೆ ಮೊದಲು ಪಹಣಿ, ಎಂ.ಆರ್., ಇ.ಸಿ., ಮತ್ತು ಮಂಜೂರಾತಿಯಾಗಿದ್ದರೆ ಅದರ ಕಡತ ವಕೀಲರ ಕೈಯಲ್ಲಿರಲಿ. ಕರಾರುಪತ್ರವನ್ನು ನೋಂದಾಯಿಸಿ. ಅದರಲ್ಲಿ ಹದ್ದುಬಸ್ತು, ಅಂದರೆ ಗಡಿ ಗುರುತಿಸುವ, ಅಳತೆಯಾಗಿ ವಿಸ್ತೀರ್ಣ ತಾಳೆಯಾದ ಮೇಲೆಯೇ ಉಳಿದ ಹಣ ಎಂದು ಬರೆಸಿ. ಹದ್ದುಬಸ್ತಿಗೆ ಮಾರುವವರಿಂದಲೇ ಅರ್ಜಿ ಹಾಕಿಸಬೇಕು. ಸರ್ಕಾರಿ ಭೂಮಾಪಕರು ಸುತ್ತಲಿನ ಹಿಡುವಳಿದಾರರಿಗೆಲ್ಲ ನೋಟಿಸು ಕೊಟ್ಟು, ಅವರೆದುರಿಗೇ ಅಳೆದು ಕಲ್ಲು ನೆಡಿಸುತ್ತಾರೆ. ಆ ದಿನ ನೀವೂ ಅಲ್ಲಿರಲೇಬೇಕು. ತಕರಾರು ಇರುವವರು ಅಂದು ಬಂದೇ ಬರುತ್ತಾರೆ, ಸರಪಳಿ ಎಳೆಯುವ ಹೊತ್ತಿಗೆ ಬಾಯಿಬಿಟ್ಟೇ ಬಿಡುತ್ತಾರೆ. ಅವರ ಮಾತನ್ನು ಹಣ ಕೊಟ್ಟ ಮೇಲೆ ಕೇಳುವುದಕ್ಕಿಂತ ಅಂದೇ ಕೇಳಿಸಿಕೊಳ್ಳುವುದು ಮೇಲು.

ನೋಂದಣಿಯಾದ ಮೇಲೆ ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಿಂದ ಪಹಣಿಯ ‘ಭೂಮಿ’ ತಂತ್ರಾಂಶಕ್ಕೆ ಮಾಹಿತಿ ತಾನಾಗಿ ಹೋಗುತ್ತದೆ, ಆಕ್ಷೇಪಣೆಯ ಅವಧಿ ಕಳೆದು ಮ್ಯುಟೇಶನ್ ಆಗುತ್ತದೆ. ಆಮೇಲೆ ಹೊಸ ಪಹಣಿ ತೆಗೆಸಿ ನಿಮ್ಮ ಹೆಸರಿನ ಅಕ್ಷರ, ತಂದೆ ಅಥವಾ ಗಂಡನ ಹೆಸರು, ಗುಂಟೆಯ ಅಂಕಿ ಕ್ರಯಪತ್ರದಲ್ಲಿದ್ದಂತೆಯೇ ಇವೆಯೇ ಎಂದು ಒಂದೊಂದಾಗಿ ನೋಡಿ. ತಪ್ಪಿದ್ದರೆ ಆಗಲೇ ತಿದ್ದುಪಡಿಗೆ ಅರ್ಜಿ ಕೊಡಿ. ಮುಂದೆ ಸಾಲಕ್ಕೆ, ವಿದ್ಯುತ್ ಸಂಪರ್ಕಕ್ಕೆ, ಮನೆ ಕಟ್ಟುವ ಪರವಾನಗಿಗೆ ಎಲ್ಲರೂ ಕೇಳುವುದು ಆ ಪಹಣಿಯನ್ನೇ.